ಹಝೀರಾನ್ ಹದಿನಾಲ್ಕರೊಳಗೆ

ಸಿಂಜಾರ್
ಮೊದಲ ತಿಶ್ರೀನ್ ತಿಂಗಳ ಇಪ್ಪತ್ತು, ಹಿಜರಿ ಆರುನೂರ ಹದಿನೇಳು

ಅಪ್ಪಾ,

ಗೆದ್ದೆವು, ಮೈಮೇಲೆ ಗಾಯವಿಲ್ಲ ಎಂದು ನೀವು ಬರೆದ ಆ ಒಂದು ಸಾಲಿಗೆ ಮೊದಲು ನನ್ನ ಸಲಾಮು. ಉಳಿದ ನಲವತ್ತು ಸಾಲು ಸಮುದ್ರದ ಗಾಳಿಯ ವರ್ಣನೆ. ವರ್ದಾ ಅತ್ತೆಗೆ ಪೂರ್ತಿ ಓದಿ ಹೇಳಿದೆ. ಅವರು ಉಣ್ಣೆ ನೂಲುತ್ತಾ, "ಗಾಳಿ ವಿಷ್ಯ ಆಯ್ತು, ಗೆದ್ನೋ ಸೋತ್ನೋ ಅದನ್ನ ಹೇಳು" ಅಂದರು. ಗೆದ್ದಿದ್ದಾರೆ ಅಂದೆ. "ಹಂಗಾದ್ರೆ ಬೀಸ್ಲಿ ಬಿಡು" ಅಂದರು. ನಿಮ್ಮ ಅಕ್ಕ ಯಾವತ್ತೂ ನಿಮ್ಮ ಕವಿತೆಗೆ ಮರುಳಾದವರಲ್ಲ.

ಉಳಿದ ಸುದ್ದಿಯನ್ನು ಒಣಹಣ್ಣಿನ ವ್ಯಾಪಾರಿ ಗಾಝಿ ತಂದ. ನೀವು ಸೋಲಿಸಿದ ಕೋಟೆಯ ದೊರೆ ಸುಟ್ಟಿದ್ದ ಹಳ್ಳಿಗಳಿಗೆ ನಮ್ಮ ಜನ ಮರಳಿ ಬಂದು ಸೂರು ಕಟ್ಟುತ್ತಿದ್ದಾರಂತೆ. ಪಡುವಣದ ಆ ಬೆಟ್ಟದಲ್ಲಿ ನಮ್ಮ ಮತದ ಹಿರಿಯರಾದ ನಲವತ್ತು ಶೇಖರು ಸೇರಿ ನಿಮ್ಮನ್ನೇ ಹಿರಿಯ ಪೀಠದಲ್ಲಿ ಕೂರಿಸಿದ್ದಾರಂತೆ. "ನಿಮ್ಮಪ್ಪ ಮೂಡಣದಿಂದ ಬಂದ ಅಮೀರ ಅನ್ನೋದನ್ನ ಜನ ಮರ್ತೇಬಿಟ್ಟವ್ರೆ ತಾಯಿ. ಅಲ್ಲಿ ಕುರಿ ಕಾಯೋನೂ ಅವರ ಪದ್ಯ ಹೇಳ್ಕೊಂಡೇ ಕುರಿ ಹೊಡೀತಾನೆ" ಅಂದ. ಹೊರಗೆ ಹಾಡಬಹುದಾದ ಪದ್ಯಗಳು ತಾನೇ ಎಂದು ಕೇಳಿದೆ. ಮತದ ಗುಟ್ಟು ಹೇಳುವ ಒಳಗಿನವು ನನಗೂ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವಂತಿಲ್ಲ ಎಂದು ಕಿವಿ ಹಿಡಿದುಕೊಂಡ.

ನೀವು ಕಳಿಸಿದ ಎರಡು ಸಾಲು ನೋಡಿದೆ:

"ದೀಪ ಹಿಡಿದವನ ಕೈ ನನಗೆ ಕಾಣಲಿಲ್ಲ,
ಬೆಳಕೇ ಮುಂದೆ ನಡೆದು ಮನೆ ತೋರಿಸಿತು."

ಚೆನ್ನಾಗಿದೆ. ಆದರೆ ಮನೆ ತೋರಿಸಿದ ಮೇಲೂ ಮನೆಗೆ ಬಾರದವರು ಇದನ್ನು ಬರೆದಿದ್ದಾರೆ ಎಂದು ಅತ್ತೆ ಗೊಣಗಿದರು.

ಈಗ ನನ್ನ ಮಾತು. ನಾಚಿಕೆ ಬಿಟ್ಟು ಕೇಳುತ್ತೇನೆ, ಕೇಳಲು ನನಗೆ ಅಮ್ಮನಿಲ್ಲ. ರುಶೈದ್ ಹೇಗಿದ್ದಾನೆ? ನಲವತ್ತು ಸಾಲಿನಲ್ಲಿ ಅವನ ಹೆಸರಿಲ್ಲ. ಎರಡು ವರ್ಷದ ಹಿಂದೆ ನೀವೇ ಅವನ ಕೈಯನ್ನು ನನ್ನ ಕೈಯಲ್ಲಿಟ್ಟು ಇಡೀ ಕುಲದೆದುರು ಮಾತು ಕೊಟ್ಟಿರಿ. ನವ್‌ರೋಝ್ ಹಬ್ಬ ಕಳೆದ ಮೇಲೆ ಮದುವೆ ಎಂದಿರಿ. ಅವನಿಗೆ ಕಾಲೋ ಕೈಯೋ ಹೋಗಿದ್ದರೂ ಸರಿ, ನೇರವಾಗಿ ಬರೆಯಿರಿ. ನಾನು ಅಳುಕುವವಳಲ್ಲ.

ನಿಮ್ಮ ಮಗಳು
ಸುಲಾಫಾ


ಬೆಟ್ಟದಿಂದ
ಎರಡನೆಯ ತಿಶ್ರೀನ್ ತಿಂಗಳ ಇಪ್ಪತ್ತೆರಡು

ಮಗಳೇ ಸುಲಾಫಾ,

ನಿನ್ನ ಕಾಗದ ಆಲಿವ್ ಸುಗ್ಗಿಯ ನಡುವೆ ಕೈಸೇರಿತು. ಈ ವರ್ಷ ಮರಗಳು ಕೊಂಬೆ ಮುರಿಯುವಷ್ಟು ಬಿಟ್ಟಿವೆ. ಸುಟ್ಟ ಗಾಣಗಳನ್ನು ಮತ್ತೆ ನಿಲ್ಲಿಸಿದ್ದೇವೆ. ಹೊಸ ಎಣ್ಣೆಯಲ್ಲಿ ರೊಟ್ಟಿ ಅದ್ದಿ ತಿಂದ ಮುದುಕಿಯೊಬ್ಬಳು ನನ್ನ ಗಡ್ಡ ಹಿಡಿದು, "ನೀನು ಬರದೇ ಇದ್ದಿದ್ರೆ ನಾನು ಈ ರುಚಿ ಮರ್ತೇ ಸಾಯ್ತಿದ್ದೆ ಕಣಪ್ಪ" ಅಂದಳು. ಇಂಥ ಮಾತಿನ ಮುಂದೆ ಕವಿಯ ಮಾತು ಯಾವ ಲೆಕ್ಕ!

ರುಶೈದ್ ಕ್ಷೇಮ. ಕೈಕಾಲು ನೆಟ್ಟಗಿವೆ.

ಒಂದು ಸಂಗತಿ ನಿನಗೆ ತಿಳಿಯಬೇಕು. ಐಲೂಲ್ ಹದಿನಾಲ್ಕರ ಮಧ್ಯಾಹ್ನ, ಯುದ್ಧಕ್ಕೆ ಒಂದು ದಿನ ಮುಂಚೆ, ನಾವು ಹಿರಿಯರ ಗೋರಿಯ ಬಳಿಯ ಓಕ್ ತೋಪಿನಲ್ಲಿ ಇಳಿದುಕೊಂಡಿದ್ದೆವು. ಮೂವತ್ತು ಹುಡುಗರಿಗೆ ಗುರು ಕಿವಿಯಲ್ಲಿ ಉಸುರುವ ನಮ್ಮ ಮತದ ಒಳಮಾತು ಇನ್ನೂ ಸಿಕ್ಕಿರಲಿಲ್ಲ. ಅದಿಲ್ಲದೆ ಸತ್ತರೆ ಆತ್ಮ ದಾರಿ ತಪ್ಪಿ ಅಲೆಯುತ್ತದೆ. ಶೇಖ್ ಬದ್ರಾನ್, ಇನ್ನೊಬ್ಬ ಹಿರಿಯರು, ನಾನು, ಮೂವರೂ ಬೇರೆ ಬೇರೆ ಮರದಡಿ ಕುಳಿತೆವು. ಹುಡುಗರು ಒಬ್ಬೊಬ್ಬರಾಗಿ ಬಂದರು. ರುಶೈದ್ ನನ್ನ ಮುಂದೆ ಬಂದು ಕುಳಿತ. ಯುದ್ಧದ ಗಡಿಬಿಡಿಯಲ್ಲಿ ಬೇರೇನೂ ನೆನಪಾಗಲಿಲ್ಲ. ಅವನ ಕಿವಿಗೆ ನಾನೇ ಮಾತು ಹಾಕಿದೆ.

ಇದರ ಅರ್ಥ ನಿನಗೆ ಹೇಳಿಕೊಡಬೇಕಾಗಿಲ್ಲ. ಒಳಮಾತು ಕೊಟ್ಟವನು ತಂದೆ, ಪಡೆದವನು ಮಗ. ರಕ್ತದ ತಂದೆಗಿಂತ ಒಂದು ಕೈ ಮೇಲೆ. ಅವನ ಹೆಣ್ಣುಮಕ್ಕಳು ಇವನಿಗೆ ಒಡಹುಟ್ಟಿದವರು. ಆದ್ದರಿಂದ ಆ ಮದುವೆಯ ಮಾತು ಇನ್ನಿಲ್ಲ. ನೀನು ಬುದ್ಧಿವಂತೆ. ನಿಸಿಬಿನ್‌ನ ನಿನ್ನ ಸೋದರಮಾವನ ಮಗನಿಗೆ ಕುದುರೆ ಸಾಕುವ ಕೈಗುಣವಿದೆ, ಒಳ್ಳೆಯ ಹುಡುಗ. ನಿನ್ನ ವರ್ದಾ ಅತ್ತೆಗೆ ಬರೆಯುತ್ತೇನೆ.

ಇಲ್ಲಿ ಚಳಿ ಶುರುವಾಗಿದೆ. ಮೋಡ ನಮ್ಮ ಕಾಲ ಕೆಳಗೆ ನಿಲ್ಲುತ್ತದೆ.

ನಿನ್ನ ತಂದೆ
ಮಿಕ್ದಾದ್ ಬಿನ್ ಮುಹ್ರಿಝ್


ಸಿಂಜಾರ್
ಎರಡನೆಯ ಕಾನೂನ್ ತಿಂಗಳ ಎರಡು

ಅಪ್ಪಾ,

ನಿಮ್ಮ ಕಾಗದ ಓದಿ ಮೂರು ದಿನ ನಾನು ಹಾಸಿಗೆ ಬಿಟ್ಟೇಳಲಿಲ್ಲ. ನಾಲ್ಕನೆಯ ದಿನ ಅತ್ತೆ ತಲೆಗೆ ಎಣ್ಣೆ ಹಚ್ಚುತ್ತಾ, "ಅಳೋದಾದ್ರೆ ಅತ್ತುಬಿಡು, ಜಗಳ ಆಡೋದಾದ್ರೆ ಶಾಯಿ ತರಿಸ್ತೀನಿ" ಅಂದರು. ಶಾಯಿ ತರಿಸಿದೆ.

ಮೊದಲು ನಿಸಿಬಿನ್ ವಿಷಯ. ಕುದುರೆ ಸಾಕಲು ಕೈಗುಣ ಇರುವವನನ್ನು ಕುದುರೆಗೆ ಕೊಟ್ಟು ಮದುವೆ ಮಾಡಿ. ನನಗೆ ಬೇಡ.

ಎರಡನೆಯದು. ಆಲಿವ್ ಬಗ್ಗೆ ಇಷ್ಟು, ಮೋಡದ ಬಗ್ಗೆ ಇಷ್ಟು, ಮುದುಕಿಯ ಬಗ್ಗೆ ಇಷ್ಟು ಬರೆದು, ನಡುವೆ ನನ್ನ ಬದುಕನ್ನು ಮಡಚಿಟ್ಟು ಕಳಿಸಿದ್ದೀರಿ. ಇಷ್ಟು ದೊಡ್ಡ ಕವಿಗೆ ಇದು ಭೂಷಣವೇ? ಹೊಡೆಯುವುದಾದರೆ ಎದುರಿಗೆ ನಿಂತು ಹೊಡೆಯಿರಿ. ಕೋಟೆಯ ದೊರೆಗೆ ತೋರಿಸಿದ ಆ ಮರ್ಯಾದೆ ನನಗೂ ಇರಲಿ.

ಒಳಮಾತು ಏನೆಂದು ನನಗೆ ತಿಳಿಯದು, ಬೇಡವೂ ಬೇಡ. ಹೆಂಗಸರ ಕಿವಿಗೆ ಬೀಳಬಾರದು ಎಂದು ಬೇಲಿ ಹಾಕಿದವರು ನೀವುಗಳು. ಆದರೆ ಅದರಿಂದ ಯಾರು ಯಾರಿಗೆ ಏನಾಗುತ್ತಾರೆ, ಯಾರಿಗೆ ಯಾರನ್ನು ಕೊಡಬಹುದು, ಕೊಡಬಾರದು ಎಂಬುದನ್ನು ನೆನಪಿಟ್ಟುಕೊಳ್ಳುವವರು ನಾವು. ಹಾಗಾಗಿ ನಾನು ಕೇಳುತ್ತೇನೆ, ನೀವು ಉತ್ತರ ಹೇಳಿ.

ಮಾತು ಕಿವಿಗೆ ಬಿದ್ದ ದಿನ ಗರ್ಭ ನಿಲ್ಲುತ್ತದೆ. ಒಂಬತ್ತು ತಿಂಗಳು ತುಂಬಿ, ಎರಡನೆಯ ಸಲ ಗುರುವಿನ ಮುಂದೆ ಕುಳಿತು, ದೀಕ್ಷೆಯ ಬಟ್ಟಲು ಕುಡಿದ ದಿನ ಹೆರಿಗೆ. ಅಲ್ಲಿಯವರೆಗೆ ಅವನು ಯಾರ ಮಗನೂ ಅಲ್ಲ, ಯಾರ ಅಣ್ಣನೂ ಅಲ್ಲ. ಹೌದೋ ಅಲ್ಲವೋ? ಐಲೂಲ್ ಹದಿನಾಲ್ಕರಿಂದ ಎಣಿಸಿದರೆ ಹಝೀರಾನ್ ಹದಿನಾಲ್ಕಕ್ಕೆ ಒಂಬತ್ತು ತುಂಬುತ್ತದೆ. ಅಷ್ಟರೊಳಗೆ ಅವನನ್ನು ಶೇಖ್ ಬದ್ರಾನರ ಕೈಗೆ ಒಪ್ಪಿಸಿ. ಎರಡನೆಯ ಸಲ ಅವರ ಮುಂದೆ ಕೂರಲಿ, ಅವರ ಮಗನಾಗಲಿ.

ಇದು ಹೊಸದಲ್ಲ. ನಮ್ಮ ಬೀದಿಯ ಕುಂಬಾರನಿಗೆ ಮಾತು ಕೊಟ್ಟ ಹಿರಿಯರು ಐದನೆಯ ತಿಂಗಳಲ್ಲಿ ತೀರಿಕೊಂಡರು. ಬೇರೊಬ್ಬರು ಅವನನ್ನು ಹೆತ್ತರು. ಅವನು ಮದುವೆಯಾದದ್ದು ಆ ತೀರಿಕೊಂಡವರ ಮಗಳನ್ನೇ. ಆ ಮದುವೆಯಲ್ಲಿ ನೀವು ಎರಡು ಬಾರಿ ಬಡಿಸಿಕೊಂಡು ಉಂಡಿದ್ದೀರಿ, ನಾನು ನೋಡಿದ್ದೇನೆ.

ನಿಮ್ಮ ಮಗಳು, ಇನ್ನೂ ರುಶೈದನ ತಂಗಿಯಾಗದ
ಸುಲಾಫಾ


ಬೆಟ್ಟದಿಂದ
ಶುಬಾತ್ ತಿಂಗಳ ಒಂಬತ್ತು

ಸುಲಾಫಾ,

ನಿನ್ನ ನಾಲಿಗೆ ನಿನ್ನ ತಾಯಿಯದು. ಅವಳಿದ್ದಿದ್ದರೆ ಇಬ್ಬರೂ ಸೇರಿ ನನ್ನನ್ನು ಮುಗಿಸುತ್ತಿದ್ದಿರಿ.

ಕುಂಬಾರನ ವಿಷಯ ಬೇರೆ. ಅಲ್ಲಿ ಗುರು ಸತ್ತಿದ್ದ. ನಾನು ಬದುಕಿದ್ದೇನೆ. ಬದುಕಿರುವ ಗುರು ತನ್ನ ಬಸಿರನ್ನು ಇನ್ನೊಬ್ಬನಿಗೆ ಕೊಡುವುದು ಒಂದೇ ಒಂದು ಸಂದರ್ಭದಲ್ಲಿ. ತನ್ನ ಲಾಭಕ್ಕಾಗಿ, ತಿಳಿದೂ ತಿಳಿದೂ, ಕೊಡಬಾರದವನಿಗೆ ಮಾತು ಕೊಟ್ಟಿದ್ದರೆ ಆ ಮಾತು ನಿಲ್ಲದು, ಕೊಟ್ಟವನ ಪೀಠವೂ ನಿಲ್ಲದು. ಮರೆತು ಕೊಟ್ಟಿದ್ದರೆ ಅದು ದೇವರ ಇಚ್ಛೆ, ನಿಲ್ಲುತ್ತದೆ. ನಾನು ಮರೆತಿದ್ದೆ ಎಂದು ಮೊದಲೇ ಬರೆದಿದ್ದೇನೆ. ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯ ಕೇಳು. ಹೋದ ವರ್ಷ, ನಾನು ಪೀಠವೇರಿದ ಹೊಸದರಲ್ಲಿ, ಕೆಳಗಿನ ಹಳ್ಳಿಯ ಗಾಣದ ಹುಡುಗನೊಬ್ಬ ತನ್ನ ಗುರುವಿನ ಮಗಳು ನಜ್ಲಾಳನ್ನು ಮದುವೆಯಾಗುತ್ತೇನೆ ಎಂದು ನನ್ನ ಮುಂದೆ ಬಂದ. ಹುಡುಗಿ ಗೋಡೆಯಾಚೆ ನಿಂತು ಅಳುತ್ತಿದ್ದಳು. ಆಗದು ಎಂದೆ. ಈಗವಳನ್ನು ದೂರದ ಹಳ್ಳಿಯ ವಿಧುರನಿಗೆ ಕೊಟ್ಟಿದ್ದಾರೆ. ಬಡವನ ಮಗಳಿಗೆ ಆಗದ್ದು ಅಮೀರನ ಮಗಳಿಗೆ ಆಗುತ್ತದೆ ಎಂದರೆ ನಾಳೆ ಈ ಬೆಟ್ಟದಲ್ಲಿ ನನ್ನ ಮಾತನ್ನು ಯಾರು ಕೇಳುತ್ತಾರೆ? ಶೇಖರಲ್ಲಿ ಅರ್ಧ ಮಂದಿಗೆ ನಾನು ಇನ್ನೂ ಹೊರಗಿನವನೇ. ಕೋಟೆಯ ದೊರೆ ಸೋತಿದ್ದಾನೆ, ಸತ್ತಿಲ್ಲ. ನಾವು ಒಡೆದು ಎರಡಾಗುವುದನ್ನೇ ಕಾಯುತ್ತಿದ್ದಾನೆ.

ರುಶೈದ್ ನಾನು ಹೇಳಿದಂತೆ ಕೇಳುತ್ತಾನೆ. ನೀನೂ ಕೇಳು.

ಮಿಕ್ದಾದ್


ಬೆಟ್ಟದಿಂದ
ಶುಬಾತ್ ತಿಂಗಳ ಹತ್ತು

ಸುಲಾಫಾ,

ನಿಮ್ಮಪ್ಪನ ಕಾಗದ ಗಾಝಿಯ ಚೀಲದಲ್ಲಿದೆ. ಇದು ಅವನ ಜೀನಿನ ಕೆಳಗಿದೆ. ನನಗೆ ಬರೆಯಲು ಬರುವುದು ಎಷ್ಟು ಎಂದು ನಿನಗೆ ಗೊತ್ತು. ಕುದುರೆಯ ಹಲ್ಲು ನೋಡಿ ವಯಸ್ಸು ಹೇಳು ಎಂದರೆ ಹೇಳಬಲ್ಲೆ. ತಪ್ಪಿದ್ದರೆ ನಗಬೇಡ.

ಅಮೀರರು ನಿನಗೆ ಏನು ಬರೆದಿದ್ದಾರೋ ತಿಳಿಯದು. ಆ ಮಧ್ಯಾಹ್ನ ನಡೆದದ್ದು ಇದು. ನಾನು ಶೇಖ್ ಬದ್ರಾನರ ಮರದ ಕಡೆ ನಡೆಯುತ್ತಿದ್ದೆ. ಅಮೀರರು ಕರೆದರು. ಹತ್ತಿರ ಹೋದೆ. "ಎಲ್ಲಿಗೆ?" ಅಂದರು. "ಶೇಖರ ಹತ್ರ. ನಿಮ್ಮ ಹತ್ರ ಕೂತ್ರೆ ಸುಲಾಫಾ..." ಎಂದೆ, ಮಾತು ಮುಗಿಸಲಿಲ್ಲ. ಅವರು ನನ್ನ ಮುಂಗೈ ಹಿಡಿದರು. "ಇಲ್ಲೇ ಕೂತ್ಕೊ" ಅಂದರು. ಅಷ್ಟೇ.

ನಾನು ಕೂತೆ. ಬಿಡಿಸಿಕೊಂಡು ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ನಾಳೆ ಸಾಯುತ್ತೇನೆ ಎಂದು ಹೆದರಿದ್ದೆ. ಸುಳ್ಳು ಹೇಳುವುದಿಲ್ಲ, ಗೆದ್ದ ಮೇಲೆ ಜನ ನನ್ನನ್ನು ಅಮೀರರ ಮಗ ಎಂದು ಕರೆದರು, ಕರಿ ಕುದುರೆ ಕೊಟ್ಟರು. ಒಂದು ವಾರ ಅದು ಹಿತವಾಗಿತ್ತು. ಎಂಟನೆಯ ದಿನ ಎಚ್ಚರವಾದಾಗ ನೀನು ಇನ್ನು ನನ್ನ ತಂಗಿ ಎಂದು ನೆನಪಾಯಿತು. ಅಂದಿನಿಂದ ಊಟ ಸೇರುತ್ತಿಲ್ಲ.

ಶೇಖ್ ಬದ್ರಾನರ ಬಳಿ ಹೇಳಲು ಹೋದೆ. ಅವರು ನಕ್ಕು, "ಹೊಟ್ಟೇಲಿರೋ ಕೂಸು ಸಾಕ್ಷಿ ಹೇಳಂಗಿಲ್ಲ ಮಗಾ, ಹೋಗು" ಅಂದರು. ನಮ್ಮ ಕಟ್ಟಳೆ ಅದೇ. ಒಂಬತ್ತು ತಿಂಗಳು ನನ್ನ ಮಾತಿಗೆ ಬೆಲೆಯಿಲ್ಲ. ಆಮೇಲೆ ಬೆಲೆ ಬಂದು ಪ್ರಯೋಜನವಿಲ್ಲ. ನಿನಗೆ ಏನಾದರೂ ತೋಚಿದರೆ ಮಾಡು. ನನಗೆ ತೋಚುತ್ತಿಲ್ಲ.

ರುಶೈದ್


ಸಿಂಜಾರ್
ಆದಾರ್ ತಿಂಗಳ ಹತ್ತೊಂಬತ್ತು

ಅಪ್ಪಾ,

ನೀವು ಅವನ ಮುಂಗೈ ಹಿಡಿದಿರಿ.

ಮರೆತವನು ಕೈ ಹಿಡಿದು ಕೂರಿಸುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳುವ ಮೊದಲೇ ಮರೆತೆ ಮರೆತೆ ಎಂದು ಎರಡೆರಡು ಕಾಗದದಲ್ಲಿ ಬರೆದಿರಿ. ನನಗೆ ಆಗಲೇ ತಿಳಿಯಬೇಕಿತ್ತು.

ಯಾಕೆ ಎಂದೂ ನನಗೆ ಗೊತ್ತು. ಮೂರು ವರ್ಷದ ಹಿಂದೆ, ಮೊದಲ ಸಲ ಆ ಬೆಟ್ಟಕ್ಕೆ ದಂಡು ಹೋದಾಗ, ಯಹ್ಯಾ ಅಲ್ಲೇ ಬಿದ್ದ. ನೀವು ಹೆಣ ತರಲಿಲ್ಲ, ಅಳಲಿಲ್ಲ, ಒಂದು ಪದ್ಯವನ್ನೂ ಬರೆಯಲಿಲ್ಲ. ನಾವು ಅತ್ತರೆ ಎದ್ದು ಹೊರಗೆ ಹೋಗುತ್ತಿದ್ದಿರಿ. ಅವನು ಬಿದ್ದ ಜಾಗಕ್ಕೆ ಈಗ ಇನ್ನೊಬ್ಬನನ್ನು ತಂದು ನಿಲ್ಲಿಸಿದ್ದೀರಿ. ಅಪ್ಪಾ, ಯಹ್ಯಾ ನನಗೂ ಅಣ್ಣ. ಅವನ ಜಾಗದಲ್ಲಿ ನನಗೆ ಬೇರೆ ಅಣ್ಣ ಬೇಡ. ನಿಮಗೆ ಮಗ ಬೇಕಾದರೆ ನನ್ನ ಗಂಡನನ್ನು ಕದ್ದು ಮಾಡಿಕೊಳ್ಳಬೇಡಿ.

ಇನ್ನು ಬೇಡುವುದಿಲ್ಲ. ನವ್‌ರೋಝ್ ಮುಗಿದ ಕೂಡಲೇ ಗಾಝಿಯೂ ಅವನ ಹೆಂಡತಿಯೂ ಪಡುವಣಕ್ಕೆ ಹೊರಡುತ್ತಾರೆ. ಅವರ ಜೊತೆ ನಾನೂ ಹೊರಡುತ್ತೇನೆ. ಅತ್ತೆ ಒಪ್ಪಿದ್ದಾರೆ. "ಹೋಗು, ಅವನನ್ನ ಎತ್ತಿ ಆಡ್ಸಿದ ಕೈ ಇದು, ನನ್ನ ಹೆಸ್ರು ಹೇಳಿ ಒಂದು ಬಿಡು" ಎಂದಿದ್ದಾರೆ. ಅಯ್ಯಾರ್ ತಿಂಗಳಲ್ಲಿ ನಡುದಾರಿಯ ಪಟ್ಟಣ ಹಲಬ್‌ನ ಉಪ್ಪಿನವರ ಸತ್ರದಲ್ಲಿ ಇರುತ್ತೇನೆ. ಹಝೀರಾನ್ ಹದಿನಾಲ್ಕಕ್ಕೆ ಗೋರಿಯ ಬಳಿ ವರ್ಷದ ಕೂಟಕ್ಕೆ ನಲವತ್ತು ಶೇಖರು ಸೇರುತ್ತಾರಲ್ಲ, ಅಲ್ಲಿರುತ್ತೇನೆ. ನೀವು ಮರೆತದ್ದು ನಿಜವೇ ಎಂದು ಎಲ್ಲರೆದುರು ಕೇಳುತ್ತೇನೆ. ಹೆಂಗಸರಿಗೆ ಗೋಡೆಯೊಳಗೆ ಜಾಗವಿಲ್ಲ ಎಂದರೆ ಗೋಡೆಯಾಚೆ ನಿಂತು ಕೂಗುತ್ತೇನೆ. ನನ್ನ ಗಂಟಲು ನಿಮ್ಮದೇ, ದೂರ ಕೇಳಿಸುತ್ತದೆ.

ಯಹ್ಯಾನ ತಂಗಿ, ಬೇರೆ ಯಾರ ತಂಗಿಯೂ ಅಲ್ಲದ
ಸುಲಾಫಾ


ಬೆಟ್ಟದಿಂದ, ಹಲಬ್‌ನ ಉಪ್ಪಿನವರ ಸತ್ರಕ್ಕೆ
ಅಯ್ಯಾರ್ ತಿಂಗಳ ಆರು

ಮಗಳೇ,

ಇದನ್ನು ಓದಿ ಸುಟ್ಟುಬಿಡು. ಅಲ್ಲಿಂದಲೇ ಹಿಂತಿರುಗು.

ನಾನು ಮರೆತಿರಲಿಲ್ಲ. ರುಶೈದ್ ಬದ್ರಾನರ ಮರದ ಕಡೆ ನಡೆದುಹೋಗುವುದನ್ನು ನೋಡಿದೆ. ಹಿಂದಿನಿಂದ ಅವನ ನಡಿಗೆ ಯಹ್ಯಾನದೇ. ಯಹ್ಯಾನಿಗೆ ಒಳಮಾತು ಕೊಡಲು ನನಗೆ ಆಗಲಿಲ್ಲ. ಹೆತ್ತ ತಂದೆ ಕೊಡುವಂತಿಲ್ಲ, ಮೊದಲು ಯುದ್ಧ ಮುಗಿಯಲಿ, ಒಳ್ಳೆಯ ಗುರುವನ್ನು ಹುಡುಕೋಣ ಎಂದೆ. ಅವನು ಮಾತಿಲ್ಲದೆ ಸತ್ತ. ನಾನು ಕಟ್ಟಿದ ಪದ್ಯಗಳು ಸಾವಿರ ಜನರಿಗೆ ದಾರಿ ತೋರಿಸುತ್ತವಂತೆ. ನನ್ನ ಮಗ ಯಾವ ಕತ್ತಲಲ್ಲಿ ಅಲೆಯುತ್ತಿದ್ದಾನೋ ಗೊತ್ತಿಲ್ಲ. ಅವನ ಮೇಲೆ ಪದ್ಯ ಬರೆಯಲು ಕೂತಾಗಲೆಲ್ಲ ಕೈ ಬರಲಿಲ್ಲ.

ಆ ಮಧ್ಯಾಹ್ನ ಒಬ್ಬ ಮಗನನ್ನಾದರೂ ಮಾತು ಕೊಟ್ಟು ಕಳಿಸುತ್ತೇನೆ ಎಂದುಕೊಂಡೆ. ಅವನು ನಿನ್ನ ಹೆಸರು ಹೇಳಿದ. ಕೇಳಿಸಿತು. ಆದರೂ ಕೈ ಬಿಡಲಿಲ್ಲ. ನಿನ್ನ ಸುಖವನ್ನು ತಿಳಿದೇ ಕಿತ್ತುಕೊಂಡೆ. ಹಿರಿಯ ಪೀಠದಲ್ಲಿ ಕುಳಿತು ಬಡವರ ಮಕ್ಕಳಿಗೆ ಕಟ್ಟಳೆ ಹೇಳುವ ನಾನು ಕಳ್ಳ.

ನಿನಗೆ ಹೇಳಿದೆ. ಅವರಿಗೆ ಹೇಳಲಾರೆ. ಪೀಠದ ಆಸೆಯಿಂದಲ್ಲ, ಅಥವಾ ಅದೂ ಸ್ವಲ್ಪ ಇರಬಹುದು. ನಾನು ಇಳಿದರೆ ಇಲ್ಲಿನ ಹಳ್ಳಿಗಳು ತಮ್ಮ ತಮ್ಮಲ್ಲೇ ಕಚ್ಚಾಡುತ್ತವೆ ಎಂಬ ಭಯವೂ ಉಂಟು. ನನ್ನನ್ನು ಶಪಿಸು, ಆದರೆ ಬರಬೇಡ.

ಅಪ್ಪ


ಬೆಟ್ಟದಿಂದ
ಹಝೀರಾನ್ ತಿಂಗಳ ಹದಿನೇಳು

ವರ್ದಾ ಅತ್ತೆಗೆ,

ತಲುಪಿದೆ. ಸತ್ತಿಲ್ಲ, ಸೋತಿಲ್ಲ. ಉಳಿದದ್ದನ್ನು ಕೂತು ಓದಿ.

ಹಲಬ್‌ನ ಸತ್ರದಲ್ಲಿ ಅಪ್ಪನ ಕಾಗದ ನನ್ನ ಕೈಗೆ ಬಂತು. ಅದರಲ್ಲಿ ತಪ್ಪೊಪ್ಪಿಕೊಂಡಿದ್ದರು. ಸುಡು ಎಂದಿದ್ದರು, ಸುಡಲಿಲ್ಲ. ದಾರಿಯುದ್ದಕ್ಕೂ ಅದು ನನ್ನ ಎದೆಯೊಳಗಿತ್ತು. ಇದನ್ನು ನಲವತ್ತು ಜನರ ಮುಂದೆ ಓದಿದರೆ ನಾನು ಗೆದ್ದೆ, ಅಪ್ಪ ಮುಗಿದರು. ಓದದಿದ್ದರೆ ಅಪ್ಪ ಉಳಿದರು, ನಾನು ಮುಗಿದೆ. ಮೂರು ಸಲ ಓದುವುದು ಎಂದು ತೀರ್ಮಾನಿಸಿದೆ, ಮೂರು ಸಲ ಬೇಡ ಎಂದುಕೊಂಡೆ. ಗಾಝಿಯ ಹೆಂಡತಿ, "ಹೊಟ್ಟೆನೋವಾ?" ಎಂದು ಕೇಳಿ ಸೋಂಪು ಕುದಿಸಿ ಕೊಟ್ಟಳು.

ಗೋರಿಯ ಸುತ್ತ ಸೊಂಟದೆತ್ತರದ ಕಲ್ಲಿನ ಗೋಡೆ ಇದೆ. ಒಳಗೆ ಓಕ್ ಮರಗಳು, ಗಂಡಸರು, ದೊಡ್ಡ ಹಂಡೆಯಲ್ಲಿ ಬೇಯುತ್ತಿದ್ದ ಗೋಧಿ-ಮಾಂಸದ ಹರೀಸಾ. ಹೊರಗೆ ಬಿಸಿಲು, ಹೆಂಗಸರು. ನಾನು ಗೋಡೆಗೆ ಒರಗಿ ನಿಂತಾಗ ಪಕ್ಕದಲ್ಲಿದ್ದವಳು, "ನೀನೇನಾ ಅಮೀರರ ಮಗಳು?" ಅಂದಳು. ಹೌದೆಂದೆ. "ನಾನು ನಜ್ಲಾ. ಹೋದ ವರ್ಷ ನಿಮ್ಮಪ್ಪ ನನಗೆ ಆಗಲ್ಲ ಅಂದ್ರು. ನಿನಗೇನ್ ಹೇಳ್ತಾರೋ ನೋಡೋಣ ಅಂತ ನಡ್ಕೊಂಡು ಬಂದೆ" ಅಂದಳು. ಅವಳ ಧ್ವನಿಯಲ್ಲಿ ಕೊಂಕಿತ್ತು. ಇರದೇ ಏನು ಮಾಡೀತು? "ನನಗೆ ಏನು ಹೇಳಿದ್ರೂ ನಿನಗೆ ಮಾಡಿದ್ದು ಸರಿಹೋಗಲ್ಲ" ಎಂದೆ. ಅವಳು ನನ್ನನ್ನೇ ನೋಡಿ, ಸ್ವಲ್ಪ ಸರಿದು ಜಾಗ ಕೊಟ್ಟಳು.

ರುಶೈದನನ್ನು ಎರಡನೆಯ ಸಲ ಕೂರಿಸಲು ಕರೆದರು. ಸೊರಗಿದ್ದಾನೆ ಅತ್ತೆ. ಅಪ್ಪನ ಎದುರು ಬಟ್ಟಲು ಇಟ್ಟರು. ಆಗ ನಾನು ಕೂಗಿದೆ.

"ಶೇಖ್ ಬದ್ರಾನ್, ಒಂದು ಮಾತಿದೆ!"

ಶೇಖರು ಗುಂಡಗಿನ ಮುದುಕ, ಕಣ್ಣಿನಲ್ಲೇ ನಗುವವರು. "ಹೆಂಗಸ್ರು ಇಲ್ಲಿ ಮಾತಾಡಂಗಿಲ್ಲ ಮಗಳೇ."

"ನಾನು ಅಲ್ಲಿಲ್ವಲ್ಲ. ಗೋಡೆ ಈಚೆ ಇದ್ದೀನಿ."

ಯಾರೋ ಕಿಸಕ್ಕನೆ ನಕ್ಕರು. ಅಪ್ಪ ತಲೆಯೆತ್ತಲಿಲ್ಲ.

"ಕೇಳು ಮತ್ತೆ, ಬೇಗ ಕೇಳು" ಅಂದರು ಶೇಖರು.

"ಈ ಹುಡುಗನ ಕೈ ನನಗೆ ಕೊಟ್ಟಿದ್ದು ಅಮೀರರೇ. ಆಮೇಲೆ ಅವನಿಗೆ ಒಳಮಾತು ಕೊಟ್ಟಿದ್ದೂ ಅವರೇ. ಮರೆತು ಕೊಟ್ರೋ, ತಿಳಿದೂ ಕೊಟ್ರೋ? ಅವರ ಬಾಯಿಂದ ಕೇಳ್ಬೇಕು."

ಶೇಖರು ಅಪ್ಪನ ಕಡೆ ಬಾಗಿ, ಎಲ್ಲರಿಗೂ ಕೇಳಿಸುವ ಪಿಸುಮಾತಿನಲ್ಲಿ, "ಮರ್ತೆ ಅಂದ್ಬಿಡಿ ಅಮೀರರೇ, ಒಂದು ಮಾತು. ಮುಗೀತು. ಹಂಡೆ ಬೇರೆ ತಳ ಹಿಡೀತಾ ಇದೆ" ಅಂದರು.

ಅಪ್ಪ ಎದುರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ನಾನು ಎದೆಯಿಂದ ಕಾಗದ ತೆಗೆದು ಗೋಡೆಯ ಮೇಲಿಂದ ಚಾಚಿದೆ.

"ಏನದು?" ಅಂದರು ಶೇಖರು.

"ಅಮೀರರ ಕಾಗದ."

"ಹಂಗಾದ್ರೆ ಓದು."

ನಲವತ್ತು ಮುಖ ನನ್ನ ಕಡೆ ತಿರುಗಿದವು. ಅತ್ತೆ, ನಿಮ್ಮಾಣೆ, ಮೊದಲ ಪದ ನಾಲಿಗೆ ತುದಿಗೆ ಬಂದಿತ್ತು. "ನಾನು ಓದಲ್ಲ. ಬರೆದವರೇ ಓದ್ಲಿ" ಎಂದೆ.

ಅಪ್ಪ ಎದ್ದು ಗೋಡೆಯ ಹತ್ತಿರ ಬಂದರು. ಎಷ್ಟು ನರೆತಿದ್ದಾರೆ ಗೊತ್ತೇ? ನನ್ನ ಮುಖ ನೋಡಿ ಎರಡು ವರ್ಷವಾಗಿತ್ತು, ನೋಡಿದರು. ಮೆಲ್ಲನೆ, "ಸುಡು ಅಂದಿದ್ನಲ್ಲಮ್ಮ" ಅಂದರು.

"ಸುಡೋದೇ ಆದ್ರೆ ನಿಮ್ಮ ಕೈಯಾರೆ ಸುಡಿ ಅಪ್ಪಾ. ಬೆಂಕಿ ಅಲ್ಲೇ ಇದೆ. ನ‌ನ್ನ ಹತ್ರ ಬೇರೆ ಪ್ರತಿ ಇಲ್ಲ. ಯಾರಿಗೂ ಹೇಳಿಯೂ ಇಲ್ಲ."

ಕಾಗದ ತೆಗೆದುಕೊಂಡು ಹಂಡೆಯ ಕಡೆ ನಡೆದರು. ನಜ್ಲಾ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದು, "ಅಯ್ಯೋ ಪೆದ್ದಿ, ಕೊಟ್ಟೇಬಿಟ್ಯಲ್ಲೇ!" ಅಂದಳು. ನಾನೂ ಹಾಗೆಯೇ ಅಂದುಕೊಂಡೆ. ಅಪ್ಪ ಬೆಂಕಿಯ ಮುಂದೆ ನಿಂತರು. ಕಾಗದದ ಅಂಚು ಬಿಸಿಗೆ ಸುರುಳಿಯಾಗುವಷ್ಟು ಹೊತ್ತು ನಿಂತರು. ಆಮೇಲೆ ಬಿಡಿಸಿ, ಜನರ ಕಡೆ ತಿರುಗಿ, ತಮ್ಮ ಪದ್ಯ ಓದುವ ದೊಡ್ಡ ದನಿಯಲ್ಲೇ ಓದತೊಡಗಿದರು. "ನಾನು ಮರೆತಿರಲಿಲ್ಲ" ಎನ್ನುವಲ್ಲಿ ಗಲಾಟೆಯೆದ್ದಿತು. ನಿಲ್ಲಿಸಲಿಲ್ಲ. ಯಹ್ಯಾನ ಹೆಸರು ಬಂದಲ್ಲಿ ದನಿ ಒಡೆಯಿತು. ಅಲ್ಲೂ ನಿಲ್ಲಿಸಲಿಲ್ಲ. "ನಾನು ಕಳ್ಳ" ಎಂಬುದನ್ನು ಎರಡು ಸಲ ಓದಿದರು. ಕಾಗದದಲ್ಲಿ ಒಂದೇ ಸಲವಿತ್ತು.

ನಾನು ಅತ್ತುಬಿಟ್ಟೆ, ಅತ್ತೆ. ಗೆದ್ದು ಅಳುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಕೆಲವರು ಬೈದರು. ಮೂಡಣದವನನ್ನು ನಂಬಿದ್ದೇ ತಪ್ಪು ಎಂದು ಒಬ್ಬ ಎದ್ದು ಹೋದ. ಶೇಖ್ ಬದ್ರಾನರು ಬಹಳ ಹೊತ್ತು ಕಣ್ಣು ಒರೆಸಿಕೊಂಡರು. ಕೊನೆಗೆ, "ಕಟ್ಟಳೆ ಕಟ್ಟಳೇನೇ. ಆ ಮಾತು ನಿಲ್ಲಲ್ಲ, ಪೀಠವೂ ನಿಲ್ಲಲ್ಲ. ಅಮೀರರು ಇನ್ನು ಯಾರ ಕಿವಿಗೂ ಮಾತು ಹಾಕಂಗಿಲ್ಲ. ಕೋಟೆಯೋನು ಬಂದ್ರೆ ಕತ್ತಿ ಹಿಡೀಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ" ಅಂದರು. ಒಬ್ಬ ಯುವಕ, "ಅವರ ಪದ್ಯ?" ಎಂದು ಕೇಳಿದ. "ಪದ್ಯ ಏನು ತಪ್ಪು ಮಾಡ್ತೋ? ಹೇಳ್ಕೊ" ಅಂದರು. ಆಮೇಲೆ ರುಶೈದನನ್ನು ತಮ್ಮ ಮುಂದೆ ಕೂರಿಸಿಕೊಂಡು, "ಮನೇಲಿ ಐದು ಹೆಣ್ಮಕ್ಕಳು ನನಗೆ. ಇವತ್ತು ಒಬ್ಬ ವರ ಕಮ್ಮಿ ಆದ" ಎಂದು ನಿಟ್ಟುಸಿರುಬಿಟ್ಟರು.

ಬಟ್ಟಲು ಮುಗಿಸಿ ರುಶೈದ್ ಗೋಡೆಯ ಬಳಿ ಬಂದ. "ಇನ್ಮೇಲೆ ಯಾರಾದ್ರೂ ಕೂತ್ಕೊ ಅಂದ್ರೆ ನನ್ನ ಕೇಳಿ ಕೂತ್ಕೊ" ಎಂದೆ. ಹೂಂ ಅಂದ. ನಗಲು ಹೋಗಿ ಅತ್ತ. ಮುಂದಿನ ವಾರ ಇಲ್ಲೇ ಮದುವೆ. ನೀವು ಬಾರದೆ ಆಗುವುದೆಂದು ಬೇಸರ, ಆದರೆ ಈ ಗಂಡಸರನ್ನು ನಂಬಿ ಇನ್ನೊಂದು ತಿಂಗಳು ಕಾಯುವವಳು ನಾನಲ್ಲ.

ಅಪ್ಪನ ವಿಷಯ ಹೇಳಿ ಮುಗಿಸುತ್ತೇನೆ. ಪೀಠದಿಂದ ತಮ್ಮ ಕಂಬಳಿ ಎತ್ತಿಕೊಂಡರು. ಒಳಗೆ ಗಂಡಸರು ಸಾಲಾಗಿ ಊಟಕ್ಕೆ ಕೂರುತ್ತಿದ್ದರು. ಅಪ್ಪ ಬಾಗಿಲವರೆಗೂ ಹೋಗಲಿಲ್ಲ, ಗೋಡೆ ಹತ್ತಿ ಈಚೆ ಇಳಿದರು. ಹೆಂಗಸರೆಲ್ಲ ಹೌಹಾರಿ ಸೆರಗು ಎಳೆದುಕೊಂಡರು. ಅಪ್ಪ ಕಂಬಳಿ ಹಾಸಿ ನನ್ನ ಪಕ್ಕ ಬಿಸಿಲಲ್ಲಿ ಕುಳಿತರು. ನಜ್ಲಾ ಎದುರಿಗಿದ್ದಳು. "ನಿನಗೆ ಮಾಡಿದ್ದನ್ನ ನಾನು ಬಿಡಿಸಲಾರೆ ತಾಯಿ" ಅಂದರು ಅವಳಿಗೆ. ಅವಳು ಮುಖ ತಿರುಗಿಸಿಕೊಂಡಳು. ಅಪ್ಪ ಕ್ಷಮೆ ಕೇಳುತ್ತಾ ಕೂರಲಿಲ್ಲ, ತಲೆ ತಗ್ಗಿಸಿದರು.

ಬಹಳ ಹೊತ್ತಿನ ಮೇಲೆ ನಮ್ಮ ಕಡೆಗೆ ಹಂಡೆ ಬಂತು. ಮಾಂಸ ಇರಲಿಲ್ಲ, ತಳ ಹಿಡಿದು ಕರಕಲಾದ ಗೋಧಿ ಇತ್ತು. ಅಪ್ಪ ಒಂದು ತುತ್ತು ಬಾಯಿಗಿಟ್ಟು ನನ್ನ ಕಡೆ ನೋಡಿದರು. "ಪ್ರತಿ ವರ್ಷ ನಿಮಗೆ ಇದೇನಾ ಸಿಗೋದು?"

"ಪ್ರತಿ ವರ್ಷ" ಎಂದು ನಾಲ್ಕಾರು ಹೆಂಗಸರು ಒಟ್ಟಿಗೆ ಹೇಳಿದರು.

ಅಷ್ಟರಲ್ಲಿ ಒಳಗಿಂದ ಒಬ್ಬ ಬಂದು ಗೋಡೆಯ ಮೇಲೆ ಬಾಗಿದ. "ಅಮೀರರೇ, ಪೀಠ ಹೋದ್ರೂ ತಟ್ಟೆ ಹೋಗಿಲ್ಲ ಅಂತ ಶೇಖರು ಹೇಳ್ತಾರೆ. ಒಳಗೆ ಒಳ್ಳೆ ಮಾಂಸ ಎತ್ತಿಟ್ಟಿದ್ದಾರೆ, ಬರ್ಬೇಕಂತೆ."

ಅಪ್ಪ ಇನ್ನೊಂದು ತುತ್ತು ಎತ್ತಿಕೊಂಡರು.

"ಇಲ್ಲೇ ಬಡ್ಸಿದಾರೆ ಅಂತ ಹೇಳು."

ನಿಮ್ಮ
ಸುಲಾಫಾ